ಬಿಗಿಯಾದ ಕುಣಿಕೆ

"ಬಿಚ್ಚು!" ಎಂದು ಗದರಿದರು ತುಂಗಮ್ಮ. ಕ್ರೋಶಾ ಹೆಣಿಗೆ ಕಲಿಯಲು ಬರುತ್ತಿದ್ದ ವಾರಿಜಾ ಹೆಣೆದ ದಾರದ ಸರಪಣಿ ಆವತ್ತೂ ಎಷ್ಟು ಬಿಗಿಯಾಗಿತ್ತೆಂದರೆ, ಕಡ್ಡಿಯ ಕೊಕ್ಕೆ ಒಳಗೆ ತೂರುತ್ತಲೇ ಇರಲಿಲ್ಲ. "ಎಂಟು ದಿನದಿಂದ ಇದೇ ಗೋಳು. ನೀನೇನು ದಾರ ಹೆಣೀತಿದ್ದೀಯೋ, ಯಾರ ಕುತ್ತಿಗೆಗಾದ್ರೂ ಉರುಲು ಬಿಗೀತಿದ್ದೀಯೋ?"

"ನನ್ನ ಹೊಲಿಗೆ ಮಿಷನ್ನು ನಮ್ಮನೆಯವರು ಒಂದು ಮಾತೂ ಕೇಳ್ದೆ ಅವರ ತಂಗಿಗೆ ಕೊಟ್ಟುಬಿಟ್ರು, ಟೀಚರ್. ನಾನು ಕೂಗಾಡಿದೆ. ಸಿಟ್ಟು ಇಳೀಲಿ ಅಂತ ಇಲ್ಲಿಗೆ ಸೇರ್ಸಿದ್ರು."

"ಸರಿಯಾಗೇ ಮಾಡಿದ್ದಾರೆ. ಸಿಟ್ಟಿದ್ದವರ ಕೈಗೆ ಈ ಹೆಣಿಗೆ ಹತ್ತಲ್ಲ. ಬಿಚ್ಚು, ಮೊದಲಿಂದ ಹಾಕು."

ವಾರಿಜಾ ಹಲ್ಲು ಕಚ್ಚಿಕೊಂಡು ಬಿಚ್ಚಿದಳು.

ಮರುದಿನ ಬೆಳಿಗ್ಗೆ ಬಂದವಳು ಕೂತಲ್ಲೇ ಒಂದು ಮೊಳ ಹೆಣೆದು ಮುಂದೆ ಹಿಡಿದಳು. ಒಂದೊಂದು ಕುಣಿಕೆಯೂ ಹದವಾಗಿ ಸಡಿಲವಾಗಿತ್ತು. ತುಂಗಮ್ಮನವರ ಮುಖ ಅರಳಿತು.

"ನೋಡ್ದ್ಯಾ, ಸಿಟ್ಟು ಇಳೀತು! ನಿನ್ನ ಗಂಡನಿಗೆ ಹೇಳ್ಬೇಕು."

"ನೀವೇ ಹೇಳಿ." ವಾರಿಜಾ ಎದ್ದು ನಿಂತಳು. ಗೇಟಿನ ಹತ್ತಿರ ಕಾಯುತ್ತಿದ್ದ ಆಟೋದಲ್ಲಿ ಹೊಲಿಗೆ ಮಿಷನ್ನೂ ಬಟ್ಟೆಯ ಸೂಟ್‌ಕೇಸೂ ಇದ್ದವು. "ನಾದಿನಿ ಮನೆಯಿಂದ ಎತ್ಕೊಂಡು ಬಂದೆ. ಹೀಗೇ ತವರಿಗೆ ಹೊರಟೆ. ಸಂಜೆ ಅವರು ಕೂಗಾಡ್ತಾ ಇಲ್ಲಿಗೆ ಬರ್ತಾರೆ. ಈ ಕಡ್ಡಿ ಅವರ ಕೈಗೆ ಕೊಡಿ."