ಹೊಸ್ತಿಲಗಲ್ಲು

“ಈ ಕಲ್ಲಿನ ವಯಸ್ಸ ಇನ್ನೊಮ್ಮೆ ಬಾಯಾಗ ಬಂದ್ರ, ಸುಮ್ನ ಮನಿಗೆ ನಡಿ!” ಪಾಸ್ಟರ್ ಶಾಂತಪ್ಪ ಮಗಳನ್ನು ಗದರಿದರು. ತುಕ್ಕಾನಟ್ಟಿಯ ಹೊಸ ಚರ್ಚಿಗೆ ಹೊಸ್ತಿಲಾಗಬೇಕಿದ್ದ ಗೋಕಾಕದ ಕಲ್ಲಿನ ಮೇಲೆ ಸಣ್ಣ ಅಲೆಗಳ ಗುರುತಿತ್ತು. ಅದು ಕೋಟಿಗಟ್ಟಲೆ ವರ್ಷದ ಹಿಂದಿನ ಸಮುದ್ರದ್ದು ಎಂದಿದ್ದಳು, ಭೂವಿಜ್ಞಾನ ಓದುತ್ತಿದ್ದ ಎಸ್ತೇರ.

“ಆರ ದಿನದಾಗ ದೇವರು ಎಲ್ಲಾ ಮಾಡ್ಯಾನ. ಈ ಅಲಿ ನೋಹನ ಪ್ರಳಯದ್ದು. ಮುಗೀತು.”

ಕಲ್ಲು ಕಡಿಯುವ ಮುದುಕ ಕೇದಾರಿ ಇಬ್ಬರ ಮಾತಿಗೂ ಕಿವಿಗೊಡಲಿಲ್ಲ. ಹೊಸ್ತಿಲು ಸಪಾಟಾಗಲೆಂದು ಪದರದ ಸಂದಿಗೆ ಉಳಿಯಿಟ್ಟು ಹೊಡೆದ. ಮೇಲಿನ ಪದರ ಎದ್ದು ಬಂತು. ಅದರ ಕೆಳಗೆ ಅಲೆಗಳಿರಲಿಲ್ಲ. ಕಲ್ಲಿನ ತುಂಬ ಬಿರುಕುಗಳ ಬಲೆಯಿತ್ತು.

“ಪಾಸ್ಟರ್ರ, ಇದು ನೀರ ಬತ್ತಿ, ಬಿಸಲಿಗೆ ಒಣಗಿದ ಕೆಸರ್ರಿ. ಬ್ಯಾಸಗಿಗೆ ನಮ್ಮ ಎರಿ ಹೊಲ ಬಿರಕ ಬಿಡೂದಿಲ್ಲೇನ್ರಿ, ಹಂಗ. ಆಮ್ಯಾಲ ಮತ್ತ ನೀರ ಬಂದೈತಿ. ಒಂದೊಂದ ಪದರಾನೂ ಒಂದೊಂದ ಸಲದ್ದರಿ,” ಎಂದ ಕೇದಾರಿ.

ಶಾಂತಪ್ಪ ಮಂಡಿಯೂರಿ ಕಲ್ಲಿನ ಅಂಚಿನ ಪದರಗಳನ್ನು ಬೆರಳಿಟ್ಟು ಎಣಿಸತೊಡಗಿದರು. ಆರು ದಾಟಿತು. ಇಪ್ಪತ್ತು ದಾಟಿತು. ಬೆರಳು ಕಲ್ಲಿನ ನಡುವಿಗೂ ಇಳಿದಿರಲಿಲ್ಲ.

ತಲೆಯೆತ್ತದೆ ಅವರು ಮಗಳನ್ನು ಕೇಳಿದರು: “ದೇವರ ಒಂದ ದಿನಾ ಎಷ್ಟ ವರ್ಷದ್ದ ಇದ್ದೀತು, ಯವ್ವಾ?”