ಹತ್ತಿರದವರು ಮೊದಲು

"ಆ ಹುಡುಗಿ ಮುಳುಗ್ತಿದ್ದದ್ದು ನಿಮಗೆ ಕಾಣ್ಲೇ ಇಲ್ವಾ?"

"ಕಾಣ್ತು. ಅವಳನ್ನೇ ಮೊದಲು ನೋಡಿದ್ದು."

ತನಿಖಾಧಿಕಾರಿಯ ಪೆನ್ನು ನಿಂತಿತು. ಎದುರಿಗಿದ್ದವನು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾನೆಂದು ಅವರು ಎಣಿಸಿರಲಿಲ್ಲ. ಹನ್ನೊಂದು ವರ್ಷದಿಂದ ಅವನು ಇದೇ ಈಜುಕೊಳದ ಜೀವರಕ್ಷಕ. ಸದಾ ಸೀಟಿ ಊದುತ್ತ ಓಡಾಡುವುದರಿಂದ ಊರವರಿಗೆಲ್ಲ ಅವನು ಸೀಟಿಯಣ್ಣ. ಇಂದು ಕೈಗಳನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಕುಳಿತಿದ್ದ.

ಅಧಿಕಾರಿ ಮುಖ್ಯ ಕಚೇರಿಯಿಂದ ಅಂದು ಬೆಳಿಗ್ಗೆಯಷ್ಟೇ ಬಂದಿಳಿದಿದ್ದರು. ಅವರ ಕೈಯಲ್ಲಿದ್ದದ್ದು ಒಂದು ದೂರು, ಅದರ ಕೆಳಗೆ ಮೂವತ್ತೆರಡು ಸಹಿ. ಭಾನುವಾರ ಕೊಳದಲ್ಲಿ ಒಂದೇ ಹೊತ್ತಿಗೆ ಇಬ್ಬರು ಮುಳುಗತೊಡಗಿದ್ದರು. ಒಬ್ಬರು ಸಿನಿಮಾ ಮಂದಿರದ ಮಾಲೀಕರು, ಐವತ್ತು ದಾಟಿದವರು. ಇನ್ನೊಬ್ಬಳು ಎಂಟು ವರ್ಷದ ಹುಡುಗಿ. ಸೀಟಿಯಣ್ಣ ಮಾಲೀಕರನ್ನು ಎಳೆದು ತಂದ. ಹುಡುಗಿ ಉಳಿಯಲಿಲ್ಲ. ದೊಡ್ಡವರ ಮುಖ ನೋಡಿ ಮಗುವನ್ನು ಕೈಬಿಟ್ಟ ಎಂಬುದು ದೂರಿನ ಸಾರಾಂಶ.

ವಿಚಾರಣೆ ಕೊಳದ ಟಿಕೆಟ್ ಕೋಣೆಯಲ್ಲೇ ನಡೆದಿತ್ತು. ಟಿಕೆಟ್ ಕೊಡುವ ಹೆಂಗಸನ್ನು ಮೊದಲು ಕರೆದಿದ್ದರು. ಆಕೆ ಸಹಿಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಇವರಲ್ಲಿ ಅರ್ಧ ಜನಕ್ಕೆ ಈಜು ಬರುತ್ತದೆ, ಅವತ್ತು ಎಷ್ಟು ಜನ ನೀರಿಗೆ ಹಾರಿದರು ಅಂತಲೂ ಒಂದು ಮಾತು ಕೇಳಿ ಎಂದಿದ್ದಳು. ಹೊರಗೆ ಬೆಂಚಿನ ಮೇಲೆ ಕುಳಿತಿರುವವಳು ಮಗುವಿನ ತಾಯಿ ಎಂದೂ ತಿಳಿಸಿದ್ದಳು. ಇನ್ನೂ ಏನೋ ಹೇಳಲು ಬಾಯಿ ತೆರೆದಾಗ ಅಧಿಕಾರಿ ತಡೆದಿದ್ದರು.

"ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಸಾಕು."

ಆಕೆ ಬಾಯಿ ಮುಚ್ಚಿಕೊಂಡು ಹೊರಗೆ ಹೋಗಿದ್ದಳು. ಆಮೇಲೆ ಸೀಟಿಯಣ್ಣ ಒಳಗೆ ಬಂದಿದ್ದ. ಬರುವಾಗ ಆ ತಾಯಿಯ ಮುಂದೆ ಅವನ ಕಾಲು ಒಂದು ಗಳಿಗೆ ತಡೆದದ್ದನ್ನೂ, ಅವಳು ತಲೆ ಎತ್ತದಿದ್ದದ್ದನ್ನೂ ಅಧಿಕಾರಿ ಬಾಗಿಲ ಸಂದಿಯಿಂದ ನೋಡಿದ್ದರು. ಮುಖ ತೋರಿಸುವ ಧೈರ್ಯ ಅವನಿಗೆ ಹೇಗೆ ಬರಬೇಕು ಎಂದುಕೊಂಡಿದ್ದರು.

"ಮೊದಲು ನೋಡಿದ್ದು ಹುಡುಗೀನ. ಹೋಗಿದ್ದು ಮಾಲೀಕರ ಕಡೆ. ಯಾಕೆ?"

ಸೀಟಿಯಣ್ಣ ನಿಧಾನವಾಗಿ ವಿವರಿಸಿದ. ಮಾಲೀಕರು ತನ್ನಿಂದ ನಾಲ್ಕು ಮಾರು ದೂರದಲ್ಲಿದ್ದರು, ಆಗಲೇ ನೀರು ಕುಡಿಯುತ್ತಿದ್ದರು. ಹುಡುಗಿ ಆಚೆ ತುದಿಯ ಆಳದಲ್ಲಿದ್ದಳು. ಮೊದಲು ಹತ್ತಿರದವರು, ಆಮೇಲೆ ದೂರದವರು ಎಂಬುದು ಕೆಲಸಕ್ಕೆ ಸೇರಿದ ದಿನ ಕಲಿಸುವ ಮೊದಲ ಪಾಠ. ದೂರದವರ ಕಡೆ ಹೊರಟರೆ ಒಮ್ಮೊಮ್ಮೆ ಇಬ್ಬರೂ ಹೋಗುತ್ತಾರೆ.

"ಅವಳಿಗೆ ಸ್ವಲ್ಪ ಈಜು ಬರ್ತಿತ್ತು. ಒಂದು ನಿಮಿಷ ತೇಲ್ತಾಳೆ ಅಂದ್ಕೊಂಡೆ."

"ಬರ್ತಿತ್ತು ಅಂತ ನಿಮಗೆ ಹೇಗೆ ಗೊತ್ತು?"

"ನಾನೇ ಕಲಿಸಿದ್ದು."

ಕಲಿಸಿದವನೇ ಕೈಬಿಟ್ಟನಲ್ಲ ಎಂದುಕೊಂಡು ಅಧಿಕಾರಿ ಆ ಉತ್ತರದ ಕೆಳಗೆ ಗೆರೆ ಎಳೆದರು. ಅಷ್ಟು ಚಿಕ್ಕವಳ ಜೊತೆ ದೊಡ್ಡವರು ಯಾರೂ ಇರಲಿಲ್ಲವೇ ಎಂದು ಕೇಳಿದರು.

"ನಾನಿದ್ನಲ್ಲ," ಎಂದ.

ಅಧಿಕಾರಿ ಅದನ್ನು ಉದ್ಧಟತನವೆಂದು ಬರೆದುಕೊಂಡರು.

ಮಾಲೀಕರು ಆಸ್ಪತ್ರೆಯಿಂದ ಹೇಳಿಕೆ ಬರೆದು ಕಳಿಸಿದ್ದರು. ಪ್ರಾಣಭಯದಲ್ಲಿ ಅವನ ಕುತ್ತಿಗೆಗೆ ಜೋತುಬಿದ್ದೆ, ಎರಡು ಸಲ ಅವನನ್ನೂ ಒಳಕ್ಕೆ ಎಳೆದೆ, ಒಂದು ನಿಮಿಷದ ಕೆಲಸಕ್ಕೆ ಮೂರು ನಿಮಿಷ ಹಿಡಿಯಿತು, ತಪ್ಪು ನನ್ನದು ಎಂದಿತ್ತು. ದಡ ಸೇರುವವರೆಗೂ ಅವನು ಹಿಂದೆ ತಿರುಗಿ ಏನೋ ಕೂಗುತ್ತಲೇ ಇದ್ದ ಎಂದೂ ಇತ್ತು.

"ಏನು ಕೂಗ್ತಿದ್ರಿ?"

"ಬರ್ತೀನಿ ಅಂತ. ಅವಳಿಗೆ. ಬಂದೆ, ಬಂದೆ ಅಂತ."

ಅವನು ಆಚೆ ತುದಿ ಮುಟ್ಟುವಷ್ಟರಲ್ಲಿ ನೀರಿನ ಮೇಲೆ ಏನೂ ಇರಲಿಲ್ಲ. ಮೂರು ಸಲ ಮುಳುಗಿ ಹುಡುಕಿ ಮೇಲೆ ತಂದ. ಅಂಬುಲೆನ್ಸ್ ಬಂದ ಮೇಲೂ ಎದೆ ಒತ್ತುವುದನ್ನು ಬಿಡಲಿಲ್ಲ. ನಾಲ್ಕು ಜನ ಸೇರಿ ಅವನನ್ನು ಎಬ್ಬಿಸಬೇಕಾಯಿತು.

ಅಧಿಕಾರಿ ಕನ್ನಡಕ ತೆಗೆದಿಟ್ಟರು. ಕಾಗದದಲ್ಲಿ ಇಲ್ಲದ ಪ್ರಶ್ನೆಯೊಂದು ಅವರೊಳಗೆ ಕುದಿಯುತ್ತಿತ್ತು.

"ಕೊನೇದಾಗಿ ಒಂದು ಕೇಳ್ತೀನಿ. ನಿಮ್ಮ ಸ್ವಂತ ಮಗು ಆಗಿದ್ದಿದ್ರೂ ಆ ಮನುಷ್ಯನ ಕಡೆಗೇ ಹೋಗ್ತಿದ್ರಾ?"

ಸೀಟಿಯಣ್ಣ ತಲೆ ಎತ್ತಿ ಅವರನ್ನು ನೋಡಿದ. ಕಿಟಕಿಯಾಚೆ ಖಾಲಿ ಮಾಡಿದ ಕೊಳದ ನೀಲಿ ನೆಲವನ್ನು ಯಾರೋ ಉಜ್ಜುತ್ತಿದ್ದ ಸದ್ದು ಕೇಳಿಸುತ್ತಿತ್ತು.

"ಹೋಗ್ತಿದ್ದೆ," ಎಂದ. "ಅವರೂ ಯಾರೋ ಒಬ್ಬರ ಮಗನೇ ಅಲ್ವಾ ಸಾರ್."

"ಹೇಳೋದು ಸುಲಭ."

ಅಧಿಕಾರಿ ಅವನನ್ನು ಅಲ್ಲೇ ಕೂರಿಸಿ ವರದಿ ಮುಗಿಸಿದರು. ನಿಯಮ ಪಾಲಿಸಿರುವುದು ನಿಜ, ಆದರೆ ಮನುಷ್ಯತ್ವ ಲವಲೇಶವೂ ಇಲ್ಲ, ಕೆಲಸದಿಂದ ತೆಗೆಯತಕ್ಕದ್ದು. ಕೆಳಗೆ ಸಹಿ ಹಾಕಿದರು.

ಹೊರಗೆ ಆ ತಾಯಿ ಇನ್ನೂ ಹಾಗೆಯೇ ಕುಳಿತಿದ್ದಳು. ಅತ್ತು ಅತ್ತು ಮುಖ ಬಾತಿತ್ತು. ಅಧಿಕಾರಿ ಅವಳ ಪಕ್ಕದಲ್ಲಿ ಕುಳಿತು ತಗ್ಗಿದ ದನಿಯಲ್ಲಿ ಸಮಾಧಾನ ಹೇಳಿದರು. ಹೋದ ಜೀವವನ್ನು ಯಾರೂ ತಂದುಕೊಡಲಾರರು, ಆದರೆ ಅದಕ್ಕೆ ಕಾರಣನಾದವನು ಇನ್ನು ಈ ಕೊಳದ ಮೆಟ್ಟಿಲು ಹತ್ತುವುದಿಲ್ಲ, ಆ ಮಾತು ತಾನು ಕೊಡಬಲ್ಲೆ ಎಂದರು. ಅವಳು ಎಲ್ಲವನ್ನೂ ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಗೋಡೆ ಹಿಡಿದು ಎದ್ದು ನಿಂತಳು.

"ಕೇಳೋದೆಲ್ಲ ಮುಗಿದಿದ್ರೆ ನಮ್ಮನೆಯವರನ್ನ ಕಳಿಸಿಕೊಡಿ ಸಾರ್. ಮಗಳನ್ನ ಮಣ್ಣು ಮಾಡಿ ಬಂದಾಗಿಂದ ಒಂದು ತುತ್ತೂ ತಿಂದಿಲ್ಲ ಅವರು."