ಕೊಡುಬಳೆಯ ಡ್ರಾಯಿಂಗ್ಸ್

ಹಿಟ್ಟು ಹೊಸೆದು ಬಳೆ ಮಾಡುತ್ತಿದ್ದ ಕೌಸಲ್ಯಾಳ ಎರಡೂ ಕೈ ಎಣ್ಣೆಯಾಗಿತ್ತು. ಹಾಗಾಗಿ ಅಕೌಂಟ್ಸ್ ಪಾಠ ಬಾಯಲ್ಲೇ ನಡೆದಿತ್ತು. ಸ್ಟೂಲಿನ ಮೇಲೆ ಕೂತು ಹೇಳಿಕೊಡುತ್ತಿದ್ದವಳು ಬಿಕಾಂ ಓದುವ ಮಗಳು ಶುಭಾ. ಸಹಕಾರನಗರದ ಅಂಗಡಿಗಳಿಗೆ ಹಾಕುತ್ತಿದ್ದ ಕೊಡುಬಳೆಯ ವ್ಯಾಪಾರ ಕುದುರಿತ್ತು. ತಿಂಡಿ ಮಾರುವ ಲೈಸೆನ್ಸಿಗೆ ಇವತ್ತೇ ಅರ್ಜಿ. ಇನ್ನು ಲೆಕ್ಕ ಇಡದೆ ವಿಧಿಯಿರಲಿಲ್ಲ.

ಆಫೀಸಿಗೆ ಹೊರಟ ಗಂಡ ವೇಣುಗೋಪಾಲ ತಟ್ಟೆಯಿಂದ ಎರಡು ಕೊಡುಬಳೆ ಎತ್ತಿ ಒಂದನ್ನು ಕಟಂ ಎಂದು ಕಡಿದ.

"ಅಮ್ಮಾ, ಇದನ್ನ ಏನಂತ ಬರೀತೀಯ?" ಎಂದಳು ಶುಭಾ.

"ಖರ್ಚು."

"ಅಲ್ಲಮ್ಮ. ಮಾಲೀಕರು ವ್ಯಾಪಾರದಿಂದ ಸ್ವಂತಕ್ಕೆ ತಗೊಂಡ್ರೆ ಡ್ರಾಯಿಂಗ್ಸ್."

"ಡ್ರಾಯಿಂಗಾ? ಎರಡು ಸೊನ್ನೆ ಸುತ್ತಿದ್ರೆ ಕೊಡುಬಳೆ ಚಿತ್ರ ಆಯ್ತಲ್ಲ, ಬಿಡೇ."

ಶುಭಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ವೇಣುಗೋಪಾಲನೂ ನಕ್ಕ. "ಬರ್ಕೊಳ್ರೇ, ಮಾಲೀಕ ತಿಂದಿದ್ದು ಎರಡು!"

ಕೌಸಲ್ಯಾಳ ಬೆರಳು ನಿಂತಿತು. "ನೀವಾ ಮಾಲೀಕರು?"

"ಮತ್ತೆ? ಅರ್ಜಿ ನನ್ ಹೆಸ್ರಲ್ಲಿ ತಾನೇ ಹಾಕ್ತಿರೋದು?"

"ಹಂಗಾದ್ರೆ ಅಮ್ಮ ಯಾರಪ್ಪಾ?"

"ಹೋಮ್ ಮಿನಿಸ್ಟರ್ ಕಣೇ."

"ನಮ್ ಸಿಲಬಸ್‌ನಲ್ಲಿ ಆ ಅಕೌಂಟೇ ಇಲ್ಲ. ಬಂಡವಾಳ ಹಾಕಿದೋರು ಮಾಲೀಕರು. ಮಿಕ್ಕೋರು ದುಡಿದ್ರೆ ಸಂಬಳ ಕೊಡ್ಬೇಕು. ಚೀಟಿ ದುಡ್ಡೆತ್ತಿ ಇದನ್ನ ಶುರು ಮಾಡಿದ್ದು ಯಾರು?"

"ನಿಮ್ಮಮ್ಮ," ಎಂದ ವೇಣುಗೋಪಾಲ, ಎರಡನೆಯದನ್ನು ಕಡಿಯದೆ. "ಹಂಗಾದ್ರೆ ನಾನ್ ತಿಂದಿದ್ದು ಏನು, ಕಳ್ಳತನಾನಾ?"

"ಸ್ಯಾಂಪಲ್ಲು," ಎಂದಳು ಕೌಸಲ್ಯಾ. "ಹೊಸ ಗಿರಾಕಿಗೆ ಕೊಡಲ್ವಾ, ಹಂಗೆ."

"ಎಷ್ಟ್ ವರ್ಷದ ಗಿರಾಕಿ ಕಣೇ ನಾನು!" ಅವನು ನಗುತ್ತಲೇ ತನ್ನ ಆಧಾರ್ ಜೆರಾಕ್ಸನ್ನು ಫ್ರಿಜ್ಜಿನ ಮೇಲಿಟ್ಟ. "ಕೊಡಿಗೇಹಳ್ಳಿ ಸೈಬರ್ ಸೆಂಟರ್‌ಗೆ ಹೋಗ್ತೀಯಲ್ಲ, ಇದನ್ನ ಕೊಡು ಸಾಕು. ಮಿಕ್ಕಿದ್ದು ಅವ್ರೇ ತುಂಬ್ಕೋತಾರೆ."

ಅಪ್ಪ ಮಗಳು ಮೆಟ್ಟಿಲಿಳಿದರು. ಕೌಸಲ್ಯಾ ಕೊನೆಯ ಬಳೆಗಳನ್ನು ಬಾಣಲೆಗೆ ಬಿಟ್ಟಳು. ಗ್ಯಾಸು, ಕರೆಂಟು, ಮನೆ, ಸ್ಕೂಟರು, ಎಲ್ಲ ಅವನ ಹೆಸರಲ್ಲೇ ಇದ್ದವು. ಅದೇ ರೂಢಿಯಲ್ಲಿ ಇದಕ್ಕೂ ಅವಳು ಹೂಂ ಅಂದಿದ್ದಳು. ಯಾರೂ ಅವಳಿಂದ ಏನನ್ನೂ ಕಿತ್ತುಕೊಂಡಿರಲಿಲ್ಲ. ಅವಳೂ ಕೇಳಿರಲಿಲ್ಲ. ಮಾಲೀಕರು ಯಾರು ಎಂಬ ಪ್ರಶ್ನೆ ಈ ಮನೆಯಲ್ಲಿ ಎದ್ದದ್ದೇ ಇವತ್ತು, ಅದೂ ತಮಾಷೆಗೆ.

"ಆಧಾರ್ ಮರೀಬೇಡ್ವೇ!" ಕೆಳಗಿನಿಂದ ಕೂಗು ಬಂತು.

"ಮರೆಯಲ್ಲ ರೀ!"

ಸ್ಕೂಟರಿನ ಸದ್ದು ತಿರುವಿನಲ್ಲಿ ಅಡಗಿತು. ಕೌಸಲ್ಯಾ ಕರಿದ ಬಳೆಗಳನ್ನು ಎತ್ತಿಟ್ಟು, ಒಲೆ ಆರಿಸಿ, ಕೈ ತೊಳೆದು, ಬೀರುವಿನಿಂದ ತನ್ನ ಆಧಾರ್ ಕಾರ್ಡನ್ನು ತೆಗೆದು ಬ್ಯಾಗಿಗೆ ಹಾಕಿಕೊಂಡಳು. ಫ್ರಿಜ್ಜಿನ ಮೇಲೆ ಅವನ ಜೆರಾಕ್ಸು ಕಿಟಕಿಯ ಗಾಳಿಗೆ ಅಲ್ಲಾಡುತ್ತಿತ್ತು. ಹಾರಿಹೋಗದಿರಲಿ ಎಂದು ಅದರ ಮೇಲೆ ಉಪ್ಪಿನ ಜಾಡಿ ಇಟ್ಟು, ಬಾಗಿಲು ಎಳೆದುಕೊಂಡಳು.